ಬೂಟು ಬಿಚ್ಚಿಡುವ ಮೊದಲು ಕೆಲವರಿಗೆ ಥ್ಯಾಂಕ್ಸ್

ಕಳೆದ ವಾರದ ಮ್ಯಾಚೇ ನನ್ನ ಕೊನೆಯದು ಅಂತ ಸುದ್ದಿ ಹೋದಾಗಿನಿಂದ ಫೋನ್ ಸುಮ್ಮನಾಗಿಲ್ಲ. ಒಬ್ಬೊಬ್ಬರಿಗೂ ಬರೆಯಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೌದು, ನಿಜ, ಇನ್ನು ಫುಟ್‌ಬಾಲ್ ಆಡುವುದಿಲ್ಲ. ಇಂಡಿಯಾ ಜರ್ಸಿ ನನಗೆ ಸಿಗಲಿಲ್ಲ, ಅದು ನಿಮಗೆಲ್ಲ ಗೊತ್ತು. ಆದರೂ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್, ಆಡಿಕೊಂಡೇ ಇಷ್ಟು ವರ್ಷ ಕಳೆದೆ, ಅದಕ್ಕೆ ಯಾರ್ಯಾರು ಕಾರಣ ಅಂತ ಇಲ್ಲಿ ಹೇಳಲೇಬೇಕು.

ಮೊದಲು ನನ್ನ ಆಫೀಸಿನ ಮ್ಯಾನೇಜರ್ ಸರ್. ಪ್ರೊಫೆಷನಲ್ ಪ್ಲೇಯರ್‌ಗೆ ಆಫೀಸ್ ಯಾಕೆ ಅಂತ ಕೇಳುವವರು ಜಾಸ್ತಿ. ನಮ್ಮ ಇಂಡಿಯನ್ ವುಮೆನ್ಸ್ ಲೀಗ್ ಶುರುವಾಗಿದ್ದು 2016-17ರಲ್ಲಿ, ಆದರೆ 2023ರವರೆಗೂ ಅದರ ಮುಖ್ಯ ಸುತ್ತು ಅಂದರೆ ಯಾವುದೋ ಒಂದು ಊರಿಗೆ ಎಲ್ಲ ಟೀಮುಗಳನ್ನೂ ಕರೆಸಿ ಕೆಲವೇ ವಾರಗಳಲ್ಲಿ ಮುಗಿಸಿಬಿಡುವುದು. ಒಮ್ಮೆ ಲುಧಿಯಾನ, ಒಮ್ಮೆ ಬೆಂಗಳೂರು, ಆಮೇಲೆ ಭುವನೇಶ್ವರ, ಅಹಮದಾಬಾದ್. ಕೋವಿಡ್ ವರ್ಷ ಅದೂ ಇಲ್ಲ. ಆ ಕೆಲವು ವಾರಕ್ಕೆ ಸಿಗುವ ದುಡ್ಡಲ್ಲಿ ವರ್ಷವಿಡೀ ಬಾಡಿಗೆ ಕಟ್ಟೋಕಾಗುತ್ತಾ? ಸ್ವಂತ ಊರಲ್ಲೊಂದು, ಎದುರಾಳಿ ಊರಲ್ಲೊಂದು ಅಂತ ತಿಂಗಳುಗಟ್ಟಲೆ ಆಡುವ ಲೀಗ್ ಬಂದಿದ್ದು 2023ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನನ್ನ ಮಂಡಿಗೆ ವಯಸ್ಸಾಗಿತ್ತು. ಅಲ್ಲಿಯವರೆಗೆ ನನ್ನ ಸಂಸಾರ ನಡೆಸಿದ್ದು ಕೊರಿಯರ್ ಆಫೀಸಿನ ಬಿಲ್ಲಿಂಗ್ ಕೆಲಸ. ನಾಲ್ಕೂವರೆಗೆ ನಾನು ಬ್ಯಾಗ್ ಎತ್ತಿದರೆ ಸರ್ ಗಡಿಯಾರ ನೋಡುತ್ತಿರಲಿಲ್ಲ, ಟೂರ್ನಿಗೆ ರಜೆ ಕೇಳಿದರೆ "ಈ ಸಲನಾದ್ರೂ ಕಪ್ ತಗೊಂಡು ಬಾರಮ್ಮ" ಅಂತ ಬೈದುಕೊಂಡೇ ಸಹಿ ಹಾಕುತ್ತಿದ್ದರು. ಕಪ್ ತರಲಿಲ್ಲ ಸರ್, ಆದರೂ ಸಂಬಳ ಕಟ್ ಮಾಡಲಿಲ್ಲ ನೀವು.

ಇದರ ನಡುವೆ ಒಂದು ಕ್ಲಬ್ ಇಡೀ ಸೀಸನ್ ಆಡಿಸಿ ಕೊನೆಯ ಕಂತು ಕೊಡುವುದನ್ನೇ ಮರೆಯಿತು. ಹೆಸರು ಬೇಡ ಬಿಡಿ. ಈ ಥ್ಯಾಂಕ್ಸ್ ಅವರಿಗಲ್ಲ, ಆಗ ತನ್ನ ದುಡ್ಡಿನಲ್ಲಿ ನಮಗೆಲ್ಲ ರೈಲ್ವೆ ಟಿಕೆಟ್ ತೆಗೆಸಿಕೊಟ್ಟ ಕ್ಯಾಪ್ಟನ್ ಅಕ್ಕನಿಗೆ.

ಇನ್ನು ಮಂಡಿಯ ಕಥೆ. ಟರ್ಫ್ ಮೇಲೆ ಯಾರೂ ನನ್ನ ಮುಟ್ಟಿರಲಿಲ್ಲ, ಬಾಲ್ ತಿರುಗಿಸಿಕೊಳ್ಳೋಣ ಅಂತ ಕಾಲೂರಿ ತಿರುಗಿದೆ, ಒಳಗೆ 'ಟಪ್' ಅಂದಿತು, ಅಷ್ಟೇ. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿದಿತ್ತು. ಈ ಗಾಯ ಗಂಡಸರಿಗಿಂತ ಫುಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೆ ಜಾಸ್ತಿ ಆಗುತ್ತದೆ, ಆದರೆ ಆಗುವವರೆಗೂ ನಮಗ್ಯಾರೂ ಅದನ್ನು ಹೇಳಿರಲಿಲ್ಲ. ತೊಡೆಯ ಹಿಂದಿನ ಸ್ನಾಯುವಿನ ತುದಿ ತೆಗೆದು ಮಂಡಿಯೊಳಗೆ ಕೂರಿಸಿದರು. ಆಪರೇಷನ್ ಆದ ಮೇಲೆ ತೊಡೆ ನೋಡಿದರೆ ನನ್ನದೇ ಅನ್ನಿಸಲಿಲ್ಲ, ಅಷ್ಟು ಸಣ್ಣಗಾಗಿತ್ತು. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತು, ಐದು ಎಣಿಸು, ಬಿಡು. ಬೆಳಿಗ್ಗೆ ಅದೇ, ಸಂಜೆ ಅದೇ. ಫಿಸಿಯೋ ಮೇಡಂ, ನೀವು ಫೀಸು ಅರ್ಧ ಮಾಡಿದ್ದಕ್ಕಿಂತ, ಆರನೇ ತಿಂಗಳಲ್ಲಿ ನಾನು ಓಡಿಬಿಡ್ತೀನಿ ಅಂತ ಹಟ ಹಿಡಿದಾಗ "ಒಂಬತ್ತು ತಿಂಗಳ ಒಳಗೆ ಗ್ರೌಂಡಿಗೆ ಇಳಿದರೆ ನನ್ನ ಹತ್ರ ಬರಬೇಡ" ಅಂದಿರಲ್ಲ, ಅದಕ್ಕೆ ದೊಡ್ಡ ಥ್ಯಾಂಕ್ಸ್.

ಆಪರೇಷನ್ ದುಡ್ಡಿಗೆ ಕೈ ಜೋಡಿಸಿದವರಲ್ಲಿ ನಾನು ಪ್ರತಿ ಮ್ಯಾಚಿನಲ್ಲೂ ಜರ್ಸಿ ಎಳೆದು ಬೈಸಿಕೊಂಡ ಎದುರಾಳಿ ವಿಂಗರ್ ಕೂಡ ಇದ್ದಳು. ನಿನಗೆ ಸಾರಿ ಮಾತ್ರ ಹೇಳಲ್ಲ ಕಣೇ, ನೀನೂ ಮೊಣಕೈ ಆಡಿಸಿದ್ದೀಯ.

ನನಗೆ ಪರಿಚಯವೇ ಇಲ್ಲದ ಒಬ್ಬರಿಗೂ ಕೃತಜ್ಞತೆ: ಇಂಡಿಯಾ ಟೀಮಿನ ಸ್ಟ್ರೈಕರ್, ಮಣಿಪುರದ ಬಾಲಾ ದೇವಿ. 2020ರ ಜನವರಿ ಕೊನೆಯಲ್ಲಿ ಲೀಗ್ ನಮ್ಮ ಬೆಂಗಳೂರಲ್ಲೇ ನಡೆಯುತ್ತಿದ್ದಾಗ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ರೇಂಜರ್ಸ್ ಕ್ಲಬ್ ಸೇರಿದ ಸುದ್ದಿ ಬಂತು. ನಮ್ಮ ಹುಡುಗಿಯೊಬ್ಬಳು ಆಡಿ ಸಂಬಳ ತಗೊಳ್ಳೋಕೆ ಯುರೋಪಿಗೆ ಹೋಗುತ್ತಾಳೆ! ಮಣಿಪುರದ ಹುಡುಗಿಯರ ಮುಖ ಆ ಸಂಜೆ ನೋಡಬೇಕಿತ್ತು. ಆಮೇಲೆ ಅವರ ಮಂಡಿಗೂ ಪೆಟ್ಟಾಯಿತು. ಆದರೂ ದೇಶದ ಟೀಮಿಗೆ ವಾಪಸ್ ಬಂದು, ಮೂವತ್ತನಾಲ್ಕರ ವಯಸ್ಸಲ್ಲಿ, ದಕ್ಷಿಣ ಏಷ್ಯಾ ದೇಶಗಳು ಆಡುವ ಸ್ಯಾಫ್ ಟೂರ್ನಿಯಲ್ಲಿ 2024ರಲ್ಲಿ ದೇಶಕ್ಕಾಗಿ ತಮ್ಮ 50ನೇ ಗೋಲು ಹೊಡೆದರು. ನಾನು ಇನ್ನೊಂದು ಸೀಸನ್ ಆಡಿ ನೋಡೋಣ ಅಂದುಕೊಂಡಿದ್ದು ಅದನ್ನು ನೋಡಿಯೇ. 2025ರ ಜುಲೈ 5ಕ್ಕೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ, ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲಿನಿಂದ ಥಾಯ್ಲೆಂಡನ್ನು 2-1ರಲ್ಲಿ ಸೋಲಿಸಿ ಇಂಡಿಯಾ ಟೀಮು ಏಷ್ಯನ್ ಕಪ್‌ಗೆ ಅರ್ಹತೆ ಪಡೆದಾಗ ಪಿಜಿಯಲ್ಲಿ ಕಿರುಚಿದ ಕಿರುಚಾಟಕ್ಕೆ ಓನರ್ ಆಂಟಿ ಓಡಿ ಬಂದರು. ಆಂಟಿ, ನಿಮಗೂ ಥ್ಯಾಂಕ್ಸ್. ರಾತ್ರಿ ಹತ್ತಕ್ಕೆ ಬಂದರೂ ಮೊಟ್ಟೆ ಎತ್ತಿಟ್ಟಿರುತ್ತಿದ್ದಿರಿ.

ಅಮ್ಮನ ಬಗ್ಗೆ ಜಾಸ್ತಿ ಬರೆದರೆ ಅವಳೇ ಬೈತಾಳೆ. ಇಷ್ಟು ವರ್ಷವಾದರೂ ಮ್ಯಾಚ್ ಮುಗಿದ ಮೇಲೆ ಅವಳದ್ದು ಒಂದೇ ಪ್ರಶ್ನೆ, "ಎಷ್ಟು ಗೋಲ್ ಹೊಡೆದೆ?" ಡಿಫೆಂಡರ್ ಕಣಮ್ಮ ನಾನು, ಗೋಲ್ ತಡೆಯೋದು ನನ್ನ ಕೆಲಸ ಅಂದರೆ, "ಸರಿ, ನಾಳೆ ಹೊಡಿ" ಅಂತಾಳೆ.

ಮುಂದೇನು ಅಂತ ಕೇಳಿದವರಿಗೆ: ಕೋಚಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ಸದ್ಯಕ್ಕೆ ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಏರಿಯಾದ ಹುಡುಗಿಯರಿಗೆ ಆಡಿಸುತ್ತಿದ್ದೇನೆ, ವಾರ್ಮಪ್‌ನಲ್ಲಿ ಮಂಡಿ ಕಾಪಾಡುವ ವ್ಯಾಯಾಮಗಳನ್ನು ಕಡ್ಡಾಯ ಮಾಡಿದ್ದೇನೆ, ಅದಕ್ಕೆ ಎಲ್ಲರೂ ಗೊಣಗುತ್ತಾರೆ. ಅರ್ಧ ಜನ ಕ್ಯಾನ್ವಾಸ್ ಶೂನಲ್ಲಿ ಬರುತ್ತಾರೆ. ಯಾರ ಮನೆಯಲ್ಲಾದರೂ ಮೂರರಿಂದ ಐದರ ಸೈಜಿನ ಹಳೇ ಬೂಟುಗಳಿದ್ದರೆ ದಯವಿಟ್ಟು ಮೆಸೇಜ್ ಮಾಡಿ, ಸೋಲ್ ಕಿತ್ತಿದ್ದರೂ ಪರವಾಗಿಲ್ಲ, ಹೊಲಿಸಿಕೊಳ್ಳುತ್ತೇವೆ. ನಾನೇ ಬಂದು ತಗೊಂಡು ಹೋಗ್ತೀನಿ.