ಹುಡುಗನ ವಿಮಾನ ಹಾರುವ ಮೊದಲು ತಪಾಸಣೆ ಆಗಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಓದಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹುಡುಗನೊಬ್ಬ ಮನೆ ಹಿಂದಿನ ಶೆಡ್ಡಿನಲ್ಲಿ ಒಬ್ಬರು ಕೂರುವ ವಿಮಾನ ಮಾಡಿದ್ದಾನೆ, ಬೈಕಿನ ಎಂಜಿನ್ ಹಾಕಿದ್ದಾನೆ, ಅಲ್ಯೂಮಿನಿಯಂ ಪೈಪು ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು, ಕಲಿತದ್ದೆಲ್ಲ ಮೊಬೈಲ್ ನೋಡಿ, ಹಬ್ಬ ಮುಗಿದ ಮೇಲೆ ಹೊಲದಲ್ಲೇ ಹಾರಿಸಿ ತೋರಿಸುತ್ತಾನೆ ಅಂತ ಬರೆದಿದ್ದೀರಿ. ಫೋಟೋದಲ್ಲಿ ಊರಿನವರು ಅವನಿಗೆ ಹಾರ ಹಾಕಿ ಪಕ್ಕದಲ್ಲಿ ನಿಂತಿದ್ದಾರೆ. ಹುಡುಗನ ಮುಖ ನೋಡಿ ನನಗೆ ನಿಜವಾಗಿಯೂ ಖುಷಿ ಆಯಿತು. ಆಮೇಲೆ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ರೆಕ್ಕೆಯ ಬುಡ ನೋಡಿದೆ. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನಾನು ದಾವಣಗೆರೆಯಲ್ಲಿ 30 ವರ್ಷಕ್ಕೂ ಜಾಸ್ತಿ ಬಸ್ ಬಾಡಿ ಕಟ್ಟುವ ಕೆಲಸ ಮಾಡಿಕೊಂಡು ಬಂದವನು. ಶೀಟು, ರಿವಿಟ್, ಆಂಗಲ್, ವೆಲ್ಡಿಂಗ್, ಇದರಲ್ಲೇ ನನ್ನ ಅನ್ನ. ಫೋಟೋದಲ್ಲಿ ನನಗೆ ಕಂಡದ್ದು ಇಷ್ಟು. ರೆಕ್ಕೆಯನ್ನು ಹಿಡಿದಿರುವ ಪೈಪಿನ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದಾನೆ, ಅದಕ್ಕೊಂದು ತೂತು, ತೂತಿಗೆ ಒಂದೇ ಬೋಲ್ಟು. ಬಸ್ಸಿನ ಮೇಲಿನ ಲಗೇಜ್ ಕ್ಯಾರಿಯರ್‌ಗೆ ನಾವೂ ಹಾಗೇ ಮಾಡುತ್ತೇವೆ, ಅಲ್ಲಿ ನಡೆಯುತ್ತದೆ. ಆದರೆ ಬಡಿದ ಜಾಗದಲ್ಲಿ ಲೋಹ ಸೋತಿರುತ್ತದೆ, ಕಣ್ಣಿಗೆ ಕಾಣದ ಬಿರುಕು ಹುಟ್ಟುವುದು ಅಲ್ಲೇ, ಎಂಜಿನ್ ನಡುಗಿದ ಹಾಗೆಲ್ಲ ಅದು ಬೆಳೆಯುತ್ತಾ ಹೋಗುತ್ತದೆ. ಕ್ಯಾರಿಯರ್ ಮುರಿದರೆ ಒಂದು ಚೀಲ ಈರುಳ್ಳಿ ರಸ್ತೆಗೆ ಬೀಳುತ್ತದೆ. ರೆಕ್ಕೆಯ ಮಾತು ಹಾಗಲ್ಲ.

ಹುಡುಗನನ್ನು ಹೀಯಾಳಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮನೆಯಲ್ಲೇ ವಿಮಾನ ಕಟ್ಟಬಹುದು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೈಯಿಂದ ಮುಟ್ಟಿದ್ದೇನೆ.

ಮಗಳ ಬಾಣಂತನಕ್ಕೆ ಅಂತ ನಾನು, ನನ್ನ ಹೆಂಡತಿ ಅಮೆರಿಕದ ಟೆಕ್ಸಾಸ್‌ಗೆ ಹೋಗಿ ಐದು ತಿಂಗಳು ಇದ್ದೆವು. ನಮ್ಮ ಅಳಿಯ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ಇಬ್ಬರು ಕೂರುವ ಕಿಟ್ ವಿಮಾನ ಕಟ್ಟುತ್ತಿದ್ದರು. ಕಿಟ್ ಅಂದರೆ ನಾವೇ ಜೋಡಿಸಿಕೊಳ್ಳಲಿ ಅಂತ ಕಂಪನಿ ಮಾಡಿ ಕಳಿಸುವ ಬಿಡಿ ಭಾಗಗಳು, ಅವು ಒಂದೇ ಸಲ ಬರುವುದಿಲ್ಲ. ಮೊದಲು ಬಾಲದ ಪೆಟ್ಟಿಗೆ, ಅದು ಮುಗಿದ ಮೇಲೆ ರೆಕ್ಕೆ, ಆಮೇಲೆ ಒಡಲು, ಎಂಜಿನ್ ಕೊನೆಗೆ. ದುಡ್ಡೂ ಹಾಗೇ ಸ್ವಲ್ಪ ಸ್ವಲ್ಪ ಹೋಗುತ್ತದೆ. ಶೀಟುಗಳಿಗೆ ಕಂಪನಿಯವರೇ ತೂತು ಹಾಕಿ ಕಳಿಸಿರುತ್ತಾರೆ, ನೋಡಿದರೆ ನಮ್ಮ ಕೆಲಸದ ಥರಾನೇ ಇದೆ ಅಲ್ವಾ ಅನ್ನಿಸಿತು. ನಾನೂ ಕೈ ಹಾಕುತ್ತೇನೆ ಅಂದೆ. ಅಲ್ಲಿನ ನಿಯಮದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಕಲಿಯುವ ಆಸೆಗೋ ಹವ್ಯಾಸಕ್ಕೋ ಕಟ್ಟುವ ಜನರೇ ಮಾಡಿರಬೇಕು, ಇದಕ್ಕೆ 51 ಪರ್ಸೆಂಟ್ ನಿಯಮ ಅಂತಲೇ ಹೇಳುತ್ತಾರೆ. ಕೂಲಿ ಪಡೆಯದೆ ಮಾವ ಸಹಾಯ ಮಾಡಿದರೆ ತೊಂದರೆ ಇಲ್ಲ.

ಮೊದಲ ದಿನವೇ ಗುರುತು ಹಾಕುವುದಕ್ಕೆ ಅಭ್ಯಾಸದ ಮೇಲೆ ಸ್ಕ್ರೈಬರ್ ಕೈಗೆ ತಗೊಂಡು ಶೀಟಿನ ಮೇಲೆ ಇಟ್ಟೆ. ಅಳಿಯ ಓಡಿ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. 'ಮಾವ, ಗೀಚಬೇಡಿ, ಆ ಗೆರೆಯಿಂದಾನೇ ಬಿರುಕು ಶುರು ಆಗೋದು' ಅಂದರು. ಸರಿ, ಪೆನ್ಸಿಲ್ ಕೊಡಿ ಅಂದೆ. ಪೆನ್ಸಿಲ್ಲೂ ಬೇಡವಂತೆ, ಅದರ ಸೀಸ ಅಲ್ಯೂಮಿನಿಯಂ ಮೇಲೆ ಉಳಿದರೆ ಅಲ್ಲಿ ಲೋಹ ತಿನ್ನಿಸಿಕೊಳ್ಳುತ್ತದೆ. ಮಾರ್ಕರ್ ಪೆನ್ನು ಕೊಟ್ಟರು. ಇಷ್ಟು ವರ್ಷ ಶೀಟಿನ ಜೊತೆ ಬದುಕಿದವನಿಗೆ ಇದು ಗೊತ್ತಿರಲಿಲ್ಲ.

ಆಮೇಲೆ ತೂತಿನ ಕೆಲಸ. ಪ್ರತಿ ತೂತಿನ ಅಂಚಿನಲ್ಲೂ ಕೂದಲಿನಷ್ಟು ಬರ್, ಅಂದರೆ ಕೊರೆದಾಗ ಏಳುವ ಚೂಪು ಅಂಚು ಇರುತ್ತದೆ, ಅದನ್ನು ಎರಡೂ ಕಡೆ ತೆಗೆಯಬೇಕು, ಜಾಸ್ತಿ ತೆಗೆಯುವ ಹಾಗೂ ಇಲ್ಲ. ತೆಗೆದು ಬೆರಳಿನ ತುದಿಯಿಂದ ಸವರಿ ನೋಡಬೇಕು. ನಂತರ ಎರಡು ಶೀಟು ಸೇರಿಸಿ ಕ್ಲೀಕೋ ಅನ್ನುವ ಚಿಕ್ಕ ಸ್ಪ್ರಿಂಗ್ ಪಿನ್ನುಗಳನ್ನು ಇಕ್ಕಳದಿಂದ ಸಿಕ್ಕಿಸುತ್ತಾರೆ. ಅದು ರಿವಿಟ್ ಹೊಡೆಯುವ ತನಕ ಶೀಟು ಹಿಡಿದುಕೊಳ್ಳುವುದಕ್ಕೆ. ಅಳತೆಗೆ ಒಂದು ಬಣ್ಣ. ಕಾಲಿಂಚಿನ ಅರ್ಧದ ತೂತಿಗೆ ತಾಮ್ರದ ಬಣ್ಣದ್ದು, ಅದಕ್ಕಿಂತ ಸಣ್ಣದಕ್ಕೆ ಬೆಳ್ಳಿ ಬಣ್ಣ, ದೊಡ್ಡದಕ್ಕೆ ಕಪ್ಪು. ಒಂದು ರೆಕ್ಕೆಗೆ ನೂರಾರು ಸಿಕ್ಕಿಸಿದಾಗ ಮುಳ್ಳುಹಂದಿ ಮಲಗಿದ ಹಾಗೆ ಕಾಣುತ್ತಿತ್ತು. ಇಡೀ ವಿಮಾನಕ್ಕೆ 700ರಿಂದ 900 ಗಂಟೆ ಕೆಲಸ ಅಂತ ಲೆಕ್ಕ. ಅದು ಸುಲಭದ ಕಿಟ್‌ಗೆ.

ಒಂದು ದಿನ ನನ್ನ ಕೈಯಲ್ಲಿ ಡ್ರಿಲ್ ಸ್ವಲ್ಪ ವಾಲಿತು. ತೂತು ಮೊಟ್ಟೆ ಆಕಾರ ಆಯಿತು. ನಮ್ಮಲ್ಲಾದರೆ ಒಂದು ಸೈಜು ದೊಡ್ಡ ರಿವಿಟ್ ಹೊಡೆದು ಮುಂದೆ ಹೋಗುತ್ತೇವೆ, ಮೇಲೆ ಪೇಂಟು ಬೀಳುತ್ತದೆ. ಅಳಿಯ ಅಳತೆ ತೆಗೆದರು, ಫೋಟೋ ತೆಗೆದು ಕಿಟ್ ಕಂಪನಿಗೆ ಬರೆದರು. ತೂತಿನ ನಡುವಿನಿಂದ ಶೀಟಿನ ಅಂಚಿಗೆ ಕಡಿಮೆ ಅಂದರೂ ತೂತಿನ ಅಗಲದ ಎರಡರಷ್ಟು ಲೋಹ ಇರಬೇಕು, ದೊಡ್ಡ ರಿವಿಟ್ ಹಾಕಿದರೆ ಅಷ್ಟು ಉಳಿಯುವುದಿಲ್ಲ, ಭಾಗ ಬದಲಿಸಿ ಅಂತ ಉತ್ತರ ಬಂತು. ಹೊಸ ಭಾಗ ಬರುವ ತನಕ ಎರಡು ವಾರ ಆ ಕೆಲಸ ನಿಂತಿತು. ನನಗೆ ತುಂಬಾ ಬೇಜಾರಾಯಿತು. ಅಳಿಯ ಒಂದು ಮಾತೂ ಆಡಲಿಲ್ಲ, ನೋಟ್‌ಬುಕ್ ತೆಗೆದು ತಾರೀಕು, ಯಾವ ಭಾಗ, ಯಾರ ಕೈಯಿಂದ ತಪ್ಪಾಯಿತು, ಏನು ಮಾಡಿದೆವು ಅಂತ ಬರೆದರು. ಅದರಲ್ಲಿ ನನ್ನ ಹೆಸರು ಇದೆ. ವಿಮಾನ ಇರುವ ತನಕ ಅದು ಅಲ್ಲಿ ಇರಲಿ ಅಂತಲೇ ನನ್ನ ಆಸೆ, ಯಾಕೆಂದರೆ ಮುಂದೆ ನೋಡುವವರಿಗೆ ಎಲ್ಲಿ ಕೆಲಸ ಆಗಿದೆ ಅಂತ ಗೊತ್ತಾಗಬೇಕು.

ಈ ಹವ್ಯಾಸದವರದೇ ಒಂದು ಸಂಘ ಇದೆ, ಇಎಎ ಅಂತ, 1953ರಲ್ಲಿ ಶುರು ಆದದ್ದು. ಅದರ ಕಡೆಯಿಂದ ಒಬ್ಬ ಅಜ್ಜ ಒಂದು ಶನಿವಾರ ಬಂದರು. ಅವರೂ ವಿಮಾನ ಕಟ್ಟಿ ಹಾರಿಸಿದವರು, ಒಂದು ಪೈಸೆ ತಗೊಳ್ಳುವುದಿಲ್ಲ. ಟಾರ್ಚು, ಪುಟ್ಟ ಕನ್ನಡಿ ಹಿಡಿದು ರೆಕ್ಕೆಯ ಒಳಗೆ ತಲೆ ಹಾಕಿ ಎರಡು ಗಂಟೆ ನೋಡಿದರು. ಮೂರು ರಿವಿಟ್ ಸರಿ ಕೂತಿಲ್ಲ ಅಂತ ಹೇಳಿ ಕೊರೆದು ತೆಗೆಸಿದರು. ಆಮೇಲೆ ಕಾಫಿ ಕುಡಿದು ಹೋದರು. ಎಲ್ಲ ಮುಗಿದ ಮೇಲೆ ಸರ್ಕಾರದ ಕಡೆಯ ತಪಾಸಣೆ ಬೇರೆ, ನೋಟ್‌ಬುಕ್ಕು ಫೋಟೋ ಎಲ್ಲ ಅವರಿಗೆ ತೋರಿಸಬೇಕು. ಅಲ್ಲಿಗೂ ಮುಗಿಯಲಿಲ್ಲ, ಮೊದಲ 25 ಅಥವಾ 40 ಗಂಟೆ ಗೊತ್ತು ಮಾಡಿದ ಜಾಗದ ಮೇಲೆ ಮಾತ್ರ, ಸುಮ್ನೆ ಜೊತೆಗೆ ಬರುತ್ತೇನೆ ಅನ್ನುವವರನ್ನು ಕೂರಿಸಿಕೊಳ್ಳದೆ ಹಾರಿಸಿ ಪರೀಕ್ಷೆ ಮಾಡಬೇಕು.

ಇಷ್ಟು ಮಾಡಿದರೂ ತಪ್ಪು ನುಸುಳುತ್ತದೆ. ಒರೆಗಾನ್‌ನ ವ್ಯಾನ್ಸ್ ಅನ್ನುವ ಕಂಪನಿಯ ಕಿಟ್‌ಗಳಿಂದ ಇವತ್ತಿಗೆ 11,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಂಥವರೇ ಕೆಲವು ಭಾಗಗಳಿಗೆ ಲೇಸರ್‌ನಿಂದ ತೂತು ಕೊರೆಸಿದರು, ತೂತಿನ ಅಂಚಿನಲ್ಲಿ ಬಿರುಕು ಕಾಣಿಸಿತು. ಭಾಗ ಬದಲಿಸಿಕೊಡುವ ಖರ್ಚೂ ಸೇರಿ 2023ರ ಕೊನೆಗೆ ಅವರು ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಗಬೇಕಾಯಿತು. ಬಿರುಕು ಕಂಡುಹಿಡಿದದ್ದು ಮನೆಯಲ್ಲಿ ಕಟ್ಟುತ್ತಿದ್ದವರು, ಒಂದೊಂದೇ ತೂತು ನೋಡುತ್ತಿದ್ದರಿಂದ.

ಈಗ ನಮ್ಮ ಹುಡುಗನ ವಿಷಯ. ಬೈಕ್ ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ವಿಮಾನದಲ್ಲಿ ಎಂಜಿನ್ ಪೂರ್ತಿ ಜೋರಿನ ಹತ್ತಿರ ನಿಮಿಷಗಟ್ಟಲೆ, ಗಂಟೆಗಟ್ಟಲೆ ಓಡಬೇಕು, ಸಿಗ್ನಲ್‌ನಲ್ಲಿ ನಿಂತು ಉಸಿರು ತಗೊಳ್ಳುವ ಹಾಗಿಲ್ಲ. ಲಘು ವಿಮಾನಗಳಿಗೆ ಜಾಸ್ತಿ ಬಳಸುವ ಆಸ್ಟ್ರಿಯಾದ ರೋಟ್ಯಾಕ್ಸ್ 912 ಎಂಜಿನ್ ಕಾರಿನ ಪೆಟ್ರೋಲಿನಲ್ಲೇ ಓಡುತ್ತದೆ, ಆದರೆ ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್, ಬೆಂಕಿ ಕೊಡುವ ವೈರಿಂಗೂ ಎರಡು ಬೇರೆ ಬೇರೆ. ಒಂದು ಕೈ ಕೊಟ್ಟರೆ ಇನ್ನೊಂದು. ಪೈಪೂ ಅಷ್ಟೇ. ವಿಮಾನದ ಶೀಟು, ಪೈಪಿನ ಮೇಲೆ 6061-ಟಿ6 ಅಂತಲೋ 2024-ಟಿ3 ಅಂತಲೋ ಮುದ್ರೆ ಇರುತ್ತದೆ, ಅದು ಲೋಹದ ಜಾತಿ ಮತ್ತು ಹದ. ಹಾರ್ಡ್‌ವೇರ್ ಅಂಗಡಿಯ ಕಿಟಕಿ ಪೈಪು ಕಣ್ಣಿಗೆ ಹಾಗೇ ಕಂಡರೂ ಅದರ ಶಕ್ತಿ ಬೇರೆ.

2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಒಂದು ಹಳ್ಳಿಯಲ್ಲಿ 24 ವರ್ಷದ ಹುಡುಗ ತಾನೇ ಮಾಡಿದ ಹೆಲಿಕಾಪ್ಟರನ್ನು ನೆಲದ ಮೇಲೆ ಪರೀಕ್ಷೆ ಮಾಡುವಾಗ ರೆಕ್ಕೆ ಮುರಿದು ತಲೆಗೆ ಬಡಿದು ತೀರಿಕೊಂಡ. ಅವನೂ ವಿಡಿಯೋ ನೋಡಿ ಕಲಿತವನು, ಅವನ ಊರಿನವರಿಗೂ ಅವನ ಮೇಲೆ ಹೆಮ್ಮೆ ಇತ್ತು. ಅವನು ಇನ್ನೂ ಹಾರಿರಲೇ ಇಲ್ಲ.

ದೂರ ಯಾಕೆ, ನಮ್ಮ ಪಕ್ಕದ ಚಳ್ಳಕೆರೆ ನೋಡಿ. ಅಲ್ಲಿ ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒದ ದೊಡ್ಡ ಪರೀಕ್ಷಾ ಕೇಂದ್ರ ಇದೆ. ಇಸ್ರೋದವರು 2023ರಲ್ಲಿ, 2024ರಲ್ಲಿ ತಮ್ಮ ರೆಕ್ಕೆಯ ರಾಕೆಟ್ಟನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟು, ಅದು ತಾನೇ ಬಂದು ರನ್‌ವೇ ಮೇಲೆ ಇಳಿದದ್ದು ಇಲ್ಲೇ. ಅದನ್ನು ಪುಷ್ಪಕ್ ಅಂತ ಕರೆದರು. ಇಷ್ಟು ದೊಡ್ಡ ವಿಜ್ಞಾನಿಗಳು, ಇಷ್ಟು ಸಲಕರಣೆ ಇದ್ದೂ ಚಳ್ಳಕೆರೆಯಿಂದ ಹಾರಿದ ಡ್ರೋನ್ ವಿಮಾನ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು, 2023ರಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಹೊಲಕ್ಕೆ ಇನ್ನೊಂದು ಬಿತ್ತು. ಒಳಗೆ ಜನ ಇರಲಿಲ್ಲ. ಪರೀಕ್ಷೆ ಅಂದರೆ ಬೀಳಬಹುದು ಅಂತ ಮೊದಲೇ ಒಪ್ಪಿಕೊಂಡು ಮಾಡುವ ಕೆಲಸ ಅದು. ನಮ್ಮ ಹುಡುಗ ಮೊದಲ ಪರೀಕ್ಷೆಗೇ ತಾನೇ ಕೂರಲು ಹೊರಟಿದ್ದಾನೆ.

ನಮ್ಮ ದೇಶದಲ್ಲಿ ಸರಿಯಾದ ದಾರಿ ಹಿಡಿಯುವುದು ಕಷ್ಟ ಅನ್ನುವುದನ್ನೂ ಹೇಳಬೇಕು. ಮುಂಬೈನ ಅಮೋಲ್ ಯಾದವ್ ಸ್ವತಃ ಪೈಲಟ್, ತಮ್ಮ ಮನೆಯ ಕಟ್ಟಡದ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಅದನ್ನು ಮುಂಬೈನ ದೊಡ್ಡ ಪ್ರದರ್ಶನದಲ್ಲಿ ಇಟ್ಟರು, ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಿಸಿ ನೋಡಲು ಅನುಮತಿ ಸಿಕ್ಕಿದ್ದು 2019ರಲ್ಲಿ. ಪೈಲಟ್‌ಗೇ ಇಷ್ಟು ಓಡಾಟ ಅಂದರೆ ಹಳ್ಳಿ ಹುಡುಗ ಯಾವ ಬಾಗಿಲು ತಟ್ಟಬೇಕು? ಬಾಗಿಲು ಕಾಣದೆ ಇರುವುದರಿಂದಲೇ ಇವರು ಹೊಲಕ್ಕೆ ಇಳಿಯುತ್ತಾರೆ. ನೋಂದಣಿ, ಅನುಮತಿ ಇಲ್ಲದೆ ಹಾರಿಸುವುದು ಕಾನೂನಿಗೆ ವಿರುದ್ಧ ಅಂತ ಹೇಳಿ ಪೊಲೀಸರು ಒಂದು ದಿನ ಆ ವಿಮಾನ ಎತ್ತಿಕೊಂಡು ಹೋಗಬಹುದು, ಆದರೆ ಹುಡುಗ ಕಲಿಯುವುದೇನು?

ಅದಕ್ಕೆ ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ. ಹಾರುವ ದಿನದ ಸುದ್ದಿಗೆ ವರದಿಗಾರರನ್ನು ಕಳಿಸಬೇಡಿ. ಕ್ಯಾಮೆರಾ ಬಂತು ಅಂದರೆ ಹುಡುಗನಿಗೆ ಹಿಂದೆ ಸರಿಯಲು ಆಗುವುದಿಲ್ಲ, ಊರೆಲ್ಲ ಸೇರಿರುತ್ತದೆ. ಅದರ ಬದಲು ವಿಮಾನಗಳಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಇಲಾಖೆ ಡಿಜಿಸಿಎಯ ಬೆಂಗಳೂರು ಕಚೇರಿಯನ್ನು ನೀವೇ ಕೇಳಿ, ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಮೊದಲ ಅರ್ಜಿ ಯಾವುದು, ಯಾರು ಬಂದು ನೋಡುತ್ತಾರೆ ಅಂತ, ಉತ್ತರವನ್ನು ಕನ್ನಡದಲ್ಲಿ ಅಚ್ಚು ಮಾಡಿ. ನಮ್ಮ ಯುಬಿಡಿಟಿ, ಬಿಐಇಟಿಯಂಥ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಳು ಒಂದು ಸಲ ಆ ಶೆಡ್ಡಿಗೆ ಹೋಗಿ ಬರಲಿ. ಸಾಧ್ಯವಾದರೆ ಕಾಲೇಜೊಂದು ಬಾಲದ ಕಿಟ್ ಒಂದನ್ನಾದರೂ ತರಿಸಲಿ, ವಿದ್ಯಾರ್ಥಿಗಳ ಜೊತೆ ಈ ಹುಡುಗನೂ ಕೂತು ಕಟ್ಟಲಿ. ಹರಿಹರದಲ್ಲಿ ಲೇಥ್ ಮಾಡಿ ದೇಶಕ್ಕೆಲ್ಲ ಕಳಿಸಿದ ಕೈಗಳು ನಮ್ಮ ಕಡೆ ಇನ್ನೂ ಇವೆ, ಕರೆದರೆ ಬರುತ್ತಾರೆ.

ಆ ಹುಡುಗ ಇದನ್ನು ಓದಿದರೆ ಅವನಿಗೆ ಒಂದು ಮಾತು. ಅಪ್ಪಾ, ನಿನ್ನ ರೆಕ್ಕೆ ಬಿಚ್ಚಿಕೊಂಡು ನನ್ನ ವರ್ಕ್‌ಶಾಪಿಗೆ ಬಾ. ಸಾಮಾನ್ಯ ಲಘು ವಿಮಾನದ ರೆಕ್ಕೆ ಇಡೀ ವಿಮಾನದ ತೂಕದ 3.8 ಪಟ್ಟು ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗಬೇಕು, ಅದರ ಒಂದೂವರೆ ಪಟ್ಟಿಗೂ ಮುರಿಯಬಾರದು ಅನ್ನುವ ಅಳತೆ ಇದೆ. ನಿನ್ನನ್ನೂ ಸೇರಿಸಿ ವಿಮಾನ 250 ಕೆಜಿ ಇದ್ದರೆ ಎರಡೂ ರೆಕ್ಕೆ ಸೇರಿ 950 ಕೆಜಿ ಹೊರಬೇಕು, 1,425 ಕೆಜಿ ತನಕ ಮುರಿಯಬಾರದು. ರೆಕ್ಕೆಯನ್ನು ಮಗುಚಿ ಸ್ಟ್ಯಾಂಡಿಗೆ ಕಟ್ಟಿ, ಮೇಲೆ ಮರಳಿನ ಚೀಲ ಒಂದೊಂದಾಗಿ ಹೇರುತ್ತಾ ಎಷ್ಟು ಬಾಗಿತು ಅಂತ ಬರೆದುಕೊಳ್ಳೋಣ. ಸ್ಟ್ಯಾಂಡು ನಾನು ವೆಲ್ಡ್ ಮಾಡಿ ಕೊಡುತ್ತೇನೆ, ಮರಳು, ತೂಕದ ಯಂತ್ರ ನನ್ನದು. ಅಳಿಯ ಕೊಟ್ಟ 50 ಕ್ಲೀಕೋ ಮತ್ತು ಅದರ ಇಕ್ಕಳ ನನ್ನ ಬೀರುವಿನಲ್ಲಿವೆ, ಅವೂ ನಿನಗೇ. ಅಲ್ಲಿಯ ತನಕ ಎಂಜಿನ್ ಶುರು ಮಾಡಬೇಡ. ನನ್ನ ಫೋನ್ ನಂಬರ್ ಪತ್ರಿಕೆ ಕಚೇರಿಗೆ ಕೊಟ್ಟಿದ್ದೇನೆ, ಕೇಳಿ ತಗೋ.

ನಿಮ್ಮ ಹಳೆಯ ಓದುಗ,
ಬಸ್ ಬಾಡಿ ವರ್ಕ್‌ಶಾಪ್, ದಾವಣಗೆರೆ