ಅರ್ಧಕ್ಕೆ ನಿಂತ ಕಸೂತಿ, ಮಡಿಸಿಟ್ಟ ಕೌದಿ: ಮುಗಿಸುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಹೊಲಿಗೆ, ಕಸೂತಿ ಶಿಬಿರಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿ ಸಾಲುಗಟ್ಟುತ್ತವೆ. ಎಲ್ಲ ಕಡೆ ಹೇಳಿಕೊಡುವುದು ಶುರುಮಾಡುವುದನ್ನೇ. ಶಿಬಿರ ಮುಗಿಯುವ ಹೊತ್ತಿಗೆ ನವಿಲಿಗೆ ಕತ್ತು ಬಂದಿರುತ್ತದೆ, ಗರಿ ಬಂದಿರುವುದಿಲ್ಲ. ಆ ಬಟ್ಟೆ, ಅದನ್ನು ಬಿಗಿದು ಹಿಡಿಯುವ ರಿಂಗಿನ ಸಮೇತ, ಟ್ರಂಕು ಸೇರುತ್ತದೆ. ಮನೆಮನೆಯ ಟ್ರಂಕಿನಲ್ಲಿ ಹೀಗೆ ಕೂತಿರುವ ಮ್ಯಾಟಿ ಬಟ್ಟೆಯ ಕ್ರಾಸ್ ಸ್ಟಿಚ್ (ಎರಡು ಓರೆ ಎಳೆ ದಾಟಿಸಿ ಹಾಕುವ ಹೊಲಿಗೆ), ಇಳಕಲ್ ಸೆರಗಿನ ಮೇಲೆ ಅರ್ಧ ಎದ್ದ ಗೋಪುರ, ಹಳೆಯ ಬಟ್ಟೆಯ ಪದರ ಜೋಡಿಸಿ ಎರಡು ಬದಿ ಹೊಲಿದು ಬಿಟ್ಟ ಕೌದಿ, ಇವನ್ನು ಮುಗಿಸುವ ಬಗೆಯ ಬಗ್ಗೆ ಈ ಪತ್ರ.

ಬಿಟ್ಟವರನ್ನು ಸೋಮಾರಿಗಳು ಎಂದುಬಿಡುವುದು ಸುಲಭ. ಬಟ್ಟೆಯನ್ನು ಬಿಚ್ಚಿ, ಕೈ ನಿಂತ ಜಾಗವನ್ನು ನೋಡಿದರೆ ಅಲ್ಲೊಂದು ತೊಡಕು ಇದ್ದೇ ಇರುತ್ತದೆ. ಎಣಿಕೆ ತಪ್ಪಿದೆ, ಇಲ್ಲವೇ ಆ ಬಣ್ಣದ ಎಳೆ ಮುಗಿದಿದೆ, ಇಲ್ಲವೇ ಚಿತ್ರದ ಚೌಕುಳಿ ನಕ್ಷೆ, ಅಂದರೆ ಚಾರ್ಟ್, ಕಳೆದಿದೆ. ಕೌದಿಯಾದರೆ ನಡುವೆ ಗುಳ್ಳೆ ಎದ್ದಿದೆ. ಆ ತೊಡಕು ಯಾವುದೆಂದು ಪತ್ತೆಹಚ್ಚದೆ ‘ಇವತ್ತಿನಿಂದ ದಿನಾ ಅರ್ಧ ಗಂಟೆ’ ಎಂದು ಕೂತರೆ ಮೂರನೇ ದಿನ ಬಟ್ಟೆ ಮತ್ತೆ ಟ್ರಂಕಿಗೇ ಹೋಗುತ್ತದೆ.

ಸೂಜಿ ಹಿಡಿಯುವ ಮೊದಲು ಬಟ್ಟೆಯ ಆರೋಗ್ಯ ನೋಡಬೇಕು. ರಿಂಗನ್ನು ತೆಗೆದುಬಿಡಿ. ವರ್ಷಗಟ್ಟಲೆ ರಿಂಗಿನಲ್ಲೇ ಇದ್ದ ಬಟ್ಟೆಗೆ ಕಂದು ಬಣ್ಣದ ಬಳೆಗುರುತು ಬಿದ್ದಿರುತ್ತದೆ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟಿದ್ದರೆ ತುಕ್ಕಿನ ಚುಕ್ಕೆಯೂ ಖಂಡಿತ. ಬಳೆಗುರುತು ಕೈಯ ಜಿಡ್ಡು, ದೂಳು, ಮರದ ಕಸರು ಸೇರಿ ಆದದ್ದು; ತಣ್ಣೀರಿಗೆ ಸೌಮ್ಯ ಸೋಪು ಬೆರೆಸಿ ನಾಲ್ಕಾರು ಗಂಟೆ ನೆನೆಸಿದರೆ ಬಹುಪಾಲು ಹೋಗುತ್ತದೆ. ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚುವ ಹಳೆಯ ಕ್ರಮ ಸರಿಯೇ. ಆದರೆ ನಿಂಬೆ ಬಣ್ಣವನ್ನೂ ತಿನ್ನುವುದರಿಂದ ಹೊಲಿದ ಭಾಗಕ್ಕೆ ತಾಗಿಸದೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು. ಕ್ಲೋರಿನ್ ಇರುವ ಬ್ಲೀಚನ್ನಂತೂ ಹಾಕಲೇಬೇಡಿ, ತುಕ್ಕಿನ ಕಲೆ ಅದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಕಲೆ ಇರುವಾಗ ಇಸ್ತ್ರಿಯನ್ನೂ ಮುಟ್ಟಬಾರದು. ಬಟ್ಟೆಯ ಮೇಲೆ ಹೊಲಿಗೆಯವರು ಚಿತ್ರ ಗುರುತಿಸಲು ಬಳಸುವ ನೀಲಿ ಪೆನ್ನಿನ ಗುರುತಿದ್ದರೆ ಅದಕ್ಕೂ ಇದೇ ಮಾತು. ನೀರಿನಲ್ಲಿ ಹೋಗುವ ಆ ಶಾಯಿ ಶಾಖ ತಾಗಿದರೆ ಅಲ್ಲೇ ಕೂತುಬಿಡುತ್ತದೆ.

ಒಗೆಯುವ ಮುನ್ನ ಬಣ್ಣ ಬಿಡುತ್ತದೆಯೇ ನೋಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿದರೆ ತಿಳಿಯುತ್ತದೆ. ಕೆಂಪು, ಕಪ್ಪು, ಗಾಢ ನೀಲಿ ಇವೇ ಹೆಚ್ಚು ಬಿಡುವಂಥವು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಬಣ್ಣ ಹರಿದದ್ದು ಕಂಡರೆ ಬಟ್ಟೆ ಒಣಗಲು ಬಿಡದೆ, ನೀರು ತಿಳಿಯಾಗುವವರೆಗೆ ತಣ್ಣೀರು ಬದಲಿಸುತ್ತಲೇ ಇರಬೇಕು. ಒಮ್ಮೆ ಒಣಗಿತೋ, ಆ ಕಲೆ ಬಿಡಿಸುವುದು ಬಲು ಕಷ್ಟ.

ಇನ್ನು ಲೆಕ್ಕ. ಕ್ರಾಸ್ ಸ್ಟಿಚ್ಚಿಗೆಂದೇ ಚೌಕುಳಿಯಾಗಿ ನೇಯ್ದ ಐಡಾ ಬಟ್ಟೆ 14 ಎಣಿಕೆಯದಾದರೆ ಒಂದು ಇಂಚಿಗೆ 14 ಹೊಲಿಗೆ. ಒಂದು ಹೊಲಿಗೆಯ ಚೌಕವೇ ಒಂದು ಮನೆ; 140 ಮನೆ ಅಗಲ, 100 ಮನೆ ಎತ್ತರದ ಚಿತ್ರ ಬಟ್ಟೆಯ ಮೇಲೆ 10 ಇಂಚು ಅಗಲ, 7 ಇಂಚಿಗೆ ತುಸು ಹೆಚ್ಚು ಎತ್ತರ ಬರುತ್ತದೆ. ಒಟ್ಟು 14,000 ಹೊಲಿಗೆ. ಅರ್ಧ ಆಗಿದೆ ಎಂದಾದರೆ ಉಳಿದದ್ದು 7,000. ಗಂಟೆಗೆ 100 ಎಂದು ಹಿಡಿದರೂ 70 ಗಂಟೆ, ದಿನಕ್ಕೆ ಅರ್ಧ ಗಂಟೆಯಂತೆ 140 ದಿನ. ಯುಗಾದಿಗೆ ಕೂತರೆ ಗಣೇಶನ ಹಬ್ಬದ ಆಸುಪಾಸಿಗೆ ಮುಗಿಯಬಹುದು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆಗೇ ಇಡುವುದು ಒಳ್ಳೆಯದು. ಕೊನೆ ಎಲ್ಲಿದೆ ಎಂದು ತಿಳಿದ ಕೆಲಸವನ್ನು ಕೈ ಸುಲಭವಾಗಿ ಬಿಡುವುದಿಲ್ಲ.

ಎಣಿಕೆ ತಪ್ಪಿದ್ದನ್ನು ಹುಡುಕಲು ಕಣ್ಣಂದಾಜು ಸಾಲದು. ತಿಳಿ ಬಣ್ಣದ ಒಂಟಿ ಎಳೆಯಿಂದ 10 ಮನೆಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿ. ಚಾರ್ಟಿನಲ್ಲೂ ಹತ್ತು ಮನೆಗೊಂದು ದಪ್ಪ ಗೆರೆ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಯಾವ ಚೌಕದಲ್ಲಿ ಶುರುವಾಯಿತೆಂದು ಹತ್ತು ನಿಮಿಷದಲ್ಲಿ ಸಿಗುತ್ತದೆ. ಎಲೆ, ಹೂವಿನ ಒಳಗೆ ಒಂದು ಮನೆ ಆಚೀಚೆ ಆಗಿದ್ದರೆ ಬಿಟ್ಟುಬಿಡಿ, ಯಾರಿಗೂ ಕಾಣದು. ಅಂಚಿನ ಪಟ್ಟಿ, ಮುಖ, ಎದುರುಬದುರಾಗಿ ನಿಲ್ಲುವ ಗಿಳಿಗಳಂಥ ಜೋಡಿ ಚಿತ್ರ, ಇವುಗಳಲ್ಲಿ ತಪ್ಪಿದ್ದರೆ ಬಿಚ್ಚಲೇಬೇಕು. ಇಲ್ಲದಿದ್ದರೆ ತಪ್ಪು ಸಾಲಿನಿಂದ ಸಾಲಿಗೆ ಹರಿದು ಕೊನೆಯ ಮೂಲೆ ಕೂಡುವುದೇ ಇಲ್ಲ. ಬಿಚ್ಚುವಾಗ ಮುಂಬದಿಯಿಂದ ಎಳೆಯಬೇಡಿ. ಹಿಂಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಂದರಂತೆ ಚಿಕ್ಕ ಕತ್ತರಿಯಿಂದ ಕತ್ತರಿಸಿ, ತುಂಡುಗಳನ್ನು ಚಿಮಟದಿಂದ ತೆಗೆಯಬೇಕು. ಬಿಚ್ಚಿದ ಎಳೆ ಸವೆದು ನಾರು ಎದ್ದಿರುವುದರಿಂದ ಮತ್ತೆ ಹೊಲಿಯಲು ಬರುವುದಿಲ್ಲ.

ಚಾರ್ಟೇ ಕಳೆದಿದ್ದರೆ? ಚಿತ್ರ ಎಡಕ್ಕೂ ಬಲಕ್ಕೂ ಒಂದೇ ಥರ ಇದ್ದಲ್ಲಿ ಹೊಲಿದ ಅರ್ಧವೇ ಚಾರ್ಟು. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ಎಣಿಸಿ ಇಳಿಸಿಕೊಂಡು, ತಿರುಗಿಸಿ ಬರೆದರೆ ಇನ್ನರ್ಧ ಸಿದ್ಧ.

ಎಳೆ ಸಾಲದೆ ಬರುವುದೇ ಹೆಚ್ಚಿನ ಕೆಲಸಗಳನ್ನು ನಿಲ್ಲಿಸಿರುವ ತೊಡಕು. ಆರು ಎಳೆಯ 8 ಮೀಟರ್ ಲಡಿಯನ್ನು ಎರಡೆರಡು ಎಳೆಯಾಗಿ ಬಿಡಿಸಿದರೆ 24 ಮೀಟರ್ ಸಿಗುತ್ತದೆ. 14 ಎಣಿಕೆಯಲ್ಲಿ ತುದಿ ಸಿಕ್ಕಿಸಿ, ಕತ್ತರಿಸಿ ಹೋದದ್ದನ್ನು ಕಳೆದು ಸುಮಾರು 1,500 ಹೊಲಿಗೆಗೆ ಬಂದೀತು. ಅದೇ ನಂಬರಿನ ಹೊಸ ಲಡಿ ತಂದರೂ ಬಣ್ಣ ಕೂದಲೆಳೆಯಷ್ಟು ಬೇರೆ ಇರಬಹುದು, ಪ್ರತಿ ಬಾರಿಯ ಬಣ್ಣದ ಪಾಕ ಒಂದೇ ಆಗಿರುವುದಿಲ್ಲ. ಆಗ ದೊಡ್ಡ ಬಯಲನ್ನು ತುಂಬುವ ಮಧ್ಯದಲ್ಲಿ ಬದಲಾಯಿಸದೆ, ಗೆರೆ ಅಥವಾ ಎಲೆಯ ಅಂಚು ಬಂದಲ್ಲಿ ಬದಲಾಯಿಸಿ. ಬಯಲಿನಲ್ಲೇ ಬದಲಾಯಿಸಬೇಕಾಗಿ ಬಂದರೆ ಮೊದಲ ನಾಲ್ಕು ಸಾಲಿಗೆ ಸೂಜಿಯಲ್ಲಿ ಹಳೆಯದೊಂದು ಎಳೆ, ಹೊಸದೊಂದು ಎಳೆ ಪೋಣಿಸಿ. ನಂಬರೇ ಗೊತ್ತಿಲ್ಲದಿದ್ದರೆ ಬಟ್ಟೆಯನ್ನೇ ಅಂಗಡಿಗೆ ಒಯ್ದು, ಟ್ಯೂಬ್‌ಲೈಟಿನ ಕೆಳಗೆ ಅಲ್ಲ, ಬಾಗಿಲ ಬೆಳಕಿನಲ್ಲಿ ಹೋಲಿಸಿ. ಹಲವರು ಹಿಂಬದಿಯ ತುದಿಯನ್ನು ತೋರಿಸಿ ಎಳೆ ಕೇಳುತ್ತಾರೆ. ಹಿಂಬದಿ ಬೆಳಕು ಕಾಣದೆ ಬಣ್ಣ ಉಳಿಸಿಕೊಂಡಿರುತ್ತದೆ, ಮುಂಬದಿ ಮಾಸಿರುತ್ತದೆ. ಕೂಡಬೇಕಾದದ್ದು ಮುಂಬದಿಗೆ.

ಎಳೆಯನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ. ಉದ್ದವಾದಷ್ಟೂ ಬಟ್ಟೆಯ ರಂಧ್ರಕ್ಕೆ ಉಜ್ಜಿ ಹೊಳಪು ಹೋಗುತ್ತದೆ, ಸಿಕ್ಕೂ ಆಗುತ್ತದೆ. ಮತ್ತೆ ಕೂರುವಾಗ ಹಳೆಯ ಹೊಲಿಗೆಯಲ್ಲಿ ಮೇಲೆ ಬಿದ್ದ ಓರೆ ಯಾವ ದಿಕ್ಕಿಗಿದೆ ನೋಡಿ, ಅದೇ ದಿಕ್ಕನ್ನು ಹಿಡಿಯಿರಿ. ಅರ್ಧ ಚಿತ್ರ ಒಂದು ದಿಕ್ಕಿಗೆ, ಇನ್ನರ್ಧ ಇನ್ನೊಂದು ದಿಕ್ಕಿಗೆ ಬಿದ್ದರೆ ಒಂದೇ ಎಳೆ ಬೆಳಕಿನಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ.

ನಮ್ಮ ಧಾರವಾಡ ಕಡೆಯ ಕಸೂತಿಯಲ್ಲಿ ಈ ಕ್ರಾಸ್ ಸ್ಟಿಚ್ಚಿಗೆ ಮೆಂತೆ ಎನ್ನುತ್ತಾರೆ. ಅದರ ಜೊತೆಗೆ ಗವಂತಿ, ಮುರ್ಗಿ, ನೇಯ್ಗೆ ಎಂಬ ಇನ್ನು ಮೂರು ಬಗೆಯ ಹೊಲಿಗೆಗಳು. ಅರ್ಧಕ್ಕೆ ನಿಂತ ಗವಂತಿಯನ್ನು ಕಂಡು ಹಾಳಾಗಿದೆ ಎಂದು ಬಿಚ್ಚಿಹಾಕಿದವರಿದ್ದಾರೆ. ಹೊಟ್ಟೆ ಉರಿಯುವ ಮಾತು ಅದು. ಗವಂತಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುವ ಹೊಲಿಗೆ. ಹೋಗುವ ದಾರಿಯಲ್ಲಿ ನಿಂತದ್ದು ತುಂಡುತುಂಡಾಗಿ ಕಾಣುವುದು ಸಹಜ. ತಪ್ಪೇನೂ ಆಗಿಲ್ಲ, ಬರುವ ದಾರಿ ಬಾಕಿ ಇದೆ, ಅಷ್ಟೇ. ಗೋಪುರದ ತುದಿ ತನಕ ಹೋಗಿ, ನಡುವೆ ಕವಲು ಬಂದಲ್ಲಿ ಆ ಕವಲಿಗೆ ಹೋಗಿ ಬಂದು ಮುಗಿಸಿ, ಮತ್ತೆ ಮುಖ್ಯ ದಾರಿ ಹಿಡಿದು, ಕೊನೆಗೆ ಹೊರಟಲ್ಲಿಗೇ ಮರಳಬೇಕು. ಹಾಗೆ ಮಾಡಿದರೆ ಮಾತ್ರ ಮುಂಬದಿ, ಹಿಂಬದಿ ಎರಡೂ ಒಂದೇ ಆಗುತ್ತದೆ. ಹೊಸ ಎಳೆ ಸೇರಿಸುವಾಗ ಗಂಟು ಬೇಡ. ನಾಲ್ಕೈದು ಹಳೆಯ ಹೊಲಿಗೆಗಳೊಳಗೆ ತುದಿ ತೂರಿಸಿದರೆ ಸಾಕು. ಸೀರೆಯ ನೇಯ್ದ ಎಳೆಗಳನ್ನೇ ಎಣಿಸಿ ಹೊಲಿಯುವ ಕಲೆಯಾದ್ದರಿಂದ, ಹಿಂದಿನವರು ಒಂದು ಹೊಲಿಗೆಗೆ ನಾಲ್ಕು ಎಳೆ ಹಿಡಿದಿದ್ದರೆ ನೀವೂ ನಾಲ್ಕೇ ಹಿಡಿಯಬೇಕು.

ಕೌದಿಯ ತೊಡಕೇ ಬೇರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡನ್ನು ಒಂದೊಂದಾಗಿ ಇಟ್ಟು, ಅಂಚು ಮಡಿಸಿ, ಆಗಲೇ ಹೊಲಿದುಬಿಡುವುದರಿಂದ ಅವರ ಕೌದಿ ಗುಳ್ಳೆ ಏಳುವುದಿಲ್ಲ. ಅದನ್ನು ನೋಡಿ, ಮೊದಲೇ ಜೋಡಿಸಿಟ್ಟ ಪದರಗಳನ್ನೂ ನಾಲ್ಕು ಅಂಚಿನಿಂದ ಹೊಲಿಯುತ್ತ ಬಂದರೆ ಸಡಿಲವೆಲ್ಲ ನಡುವೆ ಸೇರಿಕೊಂಡು ಉಬ್ಬುತ್ತದೆ. ಅರ್ಧಕ್ಕೆ ನಿಂತ ಕೌದಿಗಳಲ್ಲಿ ಹೆಚ್ಚಿನವು ನಿಂತಿರುವುದು ಇಲ್ಲೇ. ಪೂರ್ತಿ ಬಿಚ್ಚುವ ಅಗತ್ಯವಿಲ್ಲ. ಒಳಬದಿಯ ಕೊನೆಯ ಮೂರು ನಾಲ್ಕು ಸಾಲು ಮಾತ್ರ ಬಿಚ್ಚಿ, ನೆಲದ ಮೇಲೆ ಹಾಸಿ, ಮೂಲೆಗಳಿಗೆ ಭಾರ ಇಡಿ. ನಡುವಿನಿಂದ ನಾಲ್ಕೂ ದಿಕ್ಕಿಗೆ ಅಂಗೈಯಿಂದ ಸವರುತ್ತ ನಾಲ್ಕು ಬೆರಳಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಆಮೇಲೂ ಉಳಿದ ಸಡಿಲವನ್ನು ಒಂದು ಸಣ್ಣ ನಿರಿಗೆಯಾಗಿ ಮಡಿಸಿ ಮೇಲೊಂದು ತುಂಡು ಹಾಕಿ ಮುಚ್ಚಿ. ಕೌದಿಯಲ್ಲಿ ತುಂಡಿಗೆ ಯಾವಾಗಲೂ ಜಾಗವುಂಟು.

ಹಳೆಯ ಸೀರೆ, ಧೋತರದ ಪದರ ಗಟ್ಟಿಯಿದೆಯೇ ಎಂದು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಟ್ಟುಕೊಂಡರೆ ಅದನ್ನು ಒಳಪದರ ಮಾಡಿ. ನೈಲಾನ್, ಪಾಲಿಯೆಸ್ಟರ್ ದಾರ ಗಟ್ಟಿ ಎಂದು ಬಳಸುವವರು ಒಂದು ನೆನಪಿಡಲಿ: ಬಟ್ಟೆಗಿಂತ ದಾರ ಗಟ್ಟಿಯಾದರೆ ಒಗೆದಂತೆಲ್ಲ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ದಪ್ಪ ಹತ್ತಿ ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಾಕು. ಹೊಸದಾಗಿ ಸೇರಿಸುವ ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೆನೆಸಿ ಒಣಗಿಸಿಯೇ ಕತ್ತರಿಸಿ. ಹಳೆಯದು ಕುಗ್ಗಿ ಮುಗಿದಿದೆ, ಹೊಸದು ಮೊದಲ ಒಗೆತಕ್ಕೆ ಕುಗ್ಗಿ ಸುತ್ತಲೂ ಸುಕ್ಕು ಎಬ್ಬಿಸುತ್ತದೆ.

ದಾರದ ಲೆಕ್ಕವೂ ಇರಲಿ. 90 ಇಂಚು ಉದ್ದ, 45 ಇಂಚು ಅಗಲದ ಕೌದಿಗೆ ಮುಕ್ಕಾಲು ಇಂಚಿಗೊಂದು ಸಾಲಿನಂತೆ 60 ಸಾಲು, ಅಂದರೆ 5,400 ಇಂಚು, 150 ಗಜ. ಪದರ ಹಾಯುವುದಕ್ಕೆ, ತುದಿ ಸಿಕ್ಕಿಸುವುದಕ್ಕೆ ಕಾಲುಭಾಗ ಸೇರಿಸಿದರೆ ಸುಮಾರು 190 ಗಜ. ಜೋಡಿ ದಾರವಾದರೆ ಇದರ ಎರಡರಷ್ಟು.

ಮಷಿನ್ನಿನಲ್ಲಿ ಚೌಕಗಳನ್ನು ಜೋಡಿಸಿ ಕ್ವಿಲ್ಟ್ ಶುರುಮಾಡಿ ಬಿಟ್ಟವರು ಮೊದಲು ಎಲ್ಲ ಚೌಕಗಳನ್ನೂ ಅಳೆಯಲಿ. ಕಾಲು ಇಂಚು ಬಿಡಬೇಕಾದ ಹೊಲಿಗೆಯಲ್ಲಿ ಅರ್ಧ ನೂಲು, ಅಂದರೆ ಇಂಚಿನ 16ನೇ ಒಂದು ಭಾಗ ಹೆಚ್ಚಾದರೂ ಎರಡು ಬದಿ ಸೇರಿ ಒಂದು ನೂಲು ಹೋಗುತ್ತದೆ. ಎಂಟು ಜೋಡಣೆಗೆ ಪೂರಾ ಒಂದು ಇಂಚು. ಎಳೆದು ಕೂಡಿಸುವುದಕ್ಕಿಂತ ಎಲ್ಲವನ್ನೂ ಅತಿ ಚಿಕ್ಕ ಚೌಕದ ಅಳತೆಗೆ ಕತ್ತರಿಸುವುದು ಮೇಲು.

ತಾಯಿಯೋ ಅಜ್ಜಿಯೋ ಬಿಟ್ಟುಹೋದ ಕೆಲಸ ಕೈಗೆ ಬಂದಿದ್ದರೆ ಅವರ ಹೊಲಿಗೆಯನ್ನು ‘ಸರಿಪಡಿಸಲು’ ಹೋಗಬೇಡಿ. ಒಂದು ಇಂಚಿನಲ್ಲಿ ಅವರು ಎಷ್ಟು ಹೊಲಿಗೆ ಹಾಕಿದ್ದಾರೆ ಎಣಿಸಿ. ನಾಲ್ಕಿದ್ದರೆ, ನಿಮ್ಮ ಕೈಗೆ ಆರು ಬರುತ್ತಿದ್ದರೂ, ನಾಲ್ಕೇ ಹಾಕಿ. ಎರಡು ಕೈಗಳ ಕೆಲಸ ಒಂದೇ ಬಟ್ಟೆಯಾಗುವುದು ಹಾಗೆ. ಮೂಲೆಯಲ್ಲಿ ಒಂಟಿ ಎಳೆಯಿಂದ ಅವರು ಶುರುಮಾಡಿದ ವರ್ಷ ಗೊತ್ತಿದ್ದರೆ ಅದನ್ನೂ, ನೀವು ಮುಗಿಸಿದ ವರ್ಷವನ್ನೂ ಹೊಲಿಯಿರಿ.

ಶಿಬಿರ ನಡೆಸುವವರಲ್ಲಿ ಒಂದು ಬೇಡಿಕೆ. ಕಲಿಯಲು ಬರುವವರು ಹೊಸ ಬಟ್ಟೆಯ ಜೊತೆಗೆ ಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸವೊಂದನ್ನೂ ತರಲಿ ಎಂದು ಪ್ರಕಟಣೆಯಲ್ಲೇ ಒಂದು ಸಾಲು ಸೇರಿಸಿ, ಮೊದಲ ದಿನವನ್ನು ಆ ಬಟ್ಟೆಗಳನ್ನು ಬಿಚ್ಚಿ ನೋಡಲು ಮೀಸಲಿಡಿ. ಪುರವಣಿಗಳಲ್ಲಿ ಕಸೂತಿ ನಮೂನೆ ಅಚ್ಚಾಗುವಾಗ ಎಷ್ಟು ಮನೆ ಅಗಲ, ಎಷ್ಟು ಎತ್ತರ, ಯಾವ ಬಣ್ಣ ಎಷ್ಟು ಲಡಿ ಎಂಬುದೂ ಅದರ ಕೆಳಗೇ ಬರಲಿ ಎಂದು ತಮ್ಮನ್ನು ಕೋರುತ್ತೇವೆ.

ಇಂತಿ,
ಕಸೂತಿ, ಕೌದಿ ಕಲಿಸುವ ಓದುಗರು
ಧಾರವಾಡ