‘ಚೆನ್ನಾಗಿದ್ದೀನಿ’ ಅಂದ್ರೂ ನಂಬದ ಅಣ್ಣನಿಗೆ

ಸೋಮವಾರದಿಂದ ಮತ್ತೆ ಪೂರ್ತಿ ದಿನದ ಕೆಲಸಕ್ಕೆ ಹೋಗುತ್ತಿದ್ದೇನೆ. ಮನಸ್ಸು ತೀರಾ ಕುಸಿದು ರಜೆ ಹಾಕಿದ್ದು ನಿಮಗೆಲ್ಲ ಗೊತ್ತು, ಮತ್ತೆ ಕೆದಕುವುದಿಲ್ಲ. ಡಬ್ಬಿ ತುಂಬಿ ಸಾರು, ಪಲ್ಯ ತಂದಿಟ್ಟವರು, ಊರಿಂದ ದಿನಾ ಫೋನ್ ಮಾಡಿದ ಅಮ್ಮ, ರಜೆ ಯಾಕೆ ಅಂತ ಒಂದು ಮಾತೂ ಕೇಳದ ಟೀಮಿನವರು, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಅಣ್ಣನಿಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಹೆಸರು ಹಾಕಬೇಡ ಅಂದಿದ್ದಾರೆ. ತೊಂಬತ್ತರ ದಶಕದಲ್ಲೇ ಮೆಲ್ಬರ್ನ್‌ಗೆ ಬಂದವರು, ಫುಟಿ (ಆಸ್ಟ್ರೇಲಿಯಾದವರದೇ ಫುಟ್ಬಾಲ್) ಅಂದ್ರೆ ಪ್ರಾಣ, ಅದರಲ್ಲೂ ನಾರ್ತ್ ಮೆಲ್ಬರ್ನ್ ಕ್ಲಬ್. ಆ ರಾತ್ರಿ ಬಾಗಿಲಲ್ಲೇ ನಿಂತು, "ಚೆನ್ನಾಗಿದ್ದೀನಿ ಅಣ್ಣ, ನೀವು ಹೋಗಿ ಮಲಗಿ" ಅಂದೆ. ಅವರು ಶೂ ಬಿಚ್ಚಿ ಒಳಗೆ ಬಂದು ಕೂತರು. ಬುದ್ಧಿ ಹೇಳಲಿಲ್ಲ. ಫುಟಿ ಆಟಗಾರ ವೇಯ್ನ್ ಶ್ವಾಸ್ ಕಥೆ ಶುರು ಮಾಡಿದರು.

1996ರ ಗ್ರ್ಯಾಂಡ್ ಫೈನಲ್. ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ ನಾರ್ತ್ ತಂಡ ಸಿಡ್ನಿ ಸ್ವಾನ್ಸ್ ಅನ್ನು 43 ಪಾಯಿಂಟ್‌ಗಳಿಂದ ಸೋಲಿಸಿತು. ಗೆದ್ದವರಲ್ಲಿ ಶ್ವಾಸ್ ಕೂಡ ಇದ್ದ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ, ವಿಕ್ಟೋರಿಯಾದ ವಾರ್ನಂಬೂಲ್ ಕಡೆ ಬೆಳೆದ ಮಾವೋರಿ ಹುಡುಗ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಕ್ಲಬ್ಬಿನ ಅತ್ಯುತ್ತಮ ಆಟಗಾರ ಆಗಿದ್ದ. ಅಣ್ಣ ಅವತ್ತು ಸ್ಟ್ಯಾಂಡ್‌ನಲ್ಲೇ ಇದ್ದರಂತೆ. "ಗಂಟಲು ಹರಿಯೋ ಹಾಗೆ ಕೂಗಿದ್ದೆ ಕಣೋ. ಅವನ ಮುಖದಲ್ಲಿ ನಗು ಬಿಟ್ಟು ಬೇರೇನೂ ಕಾಣಲಿಲ್ಲ."

ಖಿನ್ನತೆ ಅಂತ ಅವನಿಗೆ 1993ರಲ್ಲೇ ಗೊತ್ತಾಗಿತ್ತು. ಆದರೂ ಆಡುತ್ತಲೇ ಹೋದ. 1997ರ ಸೀಸನ್ ಮುಗಿದ ಮೇಲೆ ನಾರ್ತ್‌ನವರು ಸಿಡ್ನಿಯ ಶಾನನ್ ಗ್ರಾಂಟ್‌ನನ್ನು ತೆಗೆದುಕೊಂಡು ಇವನನ್ನು ಸಿಡ್ನಿಗೆ ಕೊಟ್ಟರು (ಅಣ್ಣನಿಗೆ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ). 1999ರಲ್ಲಿ ಅಲ್ಲೂ ವರ್ಷದ ಆಟಗಾರ, ಜೊತೆಗೆ ಆಲ್-ಆಸ್ಟ್ರೇಲಿಯನ್, ಅಂದ್ರೆ ಲೀಗಿನ ಆ ವರ್ಷದ ಅತ್ಯುತ್ತಮರ ತಂಡದಲ್ಲಿ ಜಾಗ. 2002ರಲ್ಲಿ ನಿಲ್ಲಿಸುವಷ್ಟರಲ್ಲಿ 282 ಪಂದ್ಯ. ಎಲ್ಲರೆದುರು ಬಾಯಿಬಿಟ್ಟಿದ್ದು 2006ರಲ್ಲಿ. 1996ರ ಆ ಟ್ರೋಫಿ ಜೊತೆಗಿನ ಫೋಟೋದಲ್ಲಿ ನಗುತ್ತಿದ್ದಾಗಲೂ ತಲೆಯಲ್ಲಿ ಸಾಯುವ ಯೋಚನೆ ಇತ್ತು ಅಂತ ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ.

"ಅಷ್ಟು ಸಾವಿರ ಜನ ನೋಡಿದ್ವಿ, ಒಬ್ಬರಿಗೂ ಗೊತ್ತಾಗಲಿಲ್ಲ. ನೀನು ಚೆನ್ನಾಗಿದ್ದೀನಿ ಅಂದ್ರೆ ನಾನು ಹೆಂಗೋ ನಂಬಲಿ?" ಅಂದರು ಅಣ್ಣ.

ಆಗ ಅತ್ತುಬಿಟ್ಟೆ. ಮೂಗು ಸೋರಿಸಿಕೊಂಡು, ಚಿಕ್ಕ ಮಕ್ಕಳ ಹಾಗೆ. ಬದುಕೋದು ಬೇಡ ಅನ್ನಿಸಿದೆ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅಣ್ಣ ಗಾಬರಿಯಾಗಲಿಲ್ಲ, ನನ್ನ ಕೈ ಬಿಡಲೂ ಇಲ್ಲ. ಆಮೇಲೆ ಟೀ ಇಟ್ಟರು. ಸಕ್ಕರೆ ಸಿಗಲಿಲ್ಲ ಅಂತ ಕುದಿಯೋ ಹಾಲಿಗೇ ಬೆಲ್ಲ ಹಾಕಿ, ಹಾಲು ಒಡೆದು ಹೋಯಿತು. ಅದನ್ನೇ ಸೋಸಿ ಕುಡಿದೆವು. ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಅದರ ಮುಂದೆ ಕಾರಿನಲ್ಲಿದ್ದೆವು.

ಶ್ವಾಸ್ ಆಮೇಲೆ ‘ಪುಕಾ ಅಪ್’ ಅನ್ನೋ ಸಂಸ್ಥೆ ಕಟ್ಟಿ, ಮನಸ್ಸಿನ ನೋವಿನ ಬಗ್ಗೆ ಜನ ಮುಚ್ಚುಮರೆ ಇಲ್ಲದೆ ಮಾತಾಡಲಿ ಅಂತ ಓಡಾಡಿದ್ದಾನೆ. ನನ್ನ ಪರಿಚಯ ಅವನಿಗಿಲ್ಲ. ಆದರೂ ಅವನಿಗೊಂದು ದೊಡ್ಡ ನಮಸ್ಕಾರ. ಇದನ್ನು ಓದುವಾಗ ಯಾರಿಗಾದರೂ ಬದುಕೋದು ಬೇಡ ಅನ್ನಿಸುತ್ತಿದ್ದರೆ, ಸಹಾಯವಾಣಿಗೆ ಫೋನ್ ಮಾಡಿ: ಇಲ್ಲಿ ಆಸ್ಟ್ರೇಲಿಯಾದಲ್ಲಿ ಲೈಫ್‌ಲೈನ್ 13 11 14, ಇಂಡಿಯಾದಲ್ಲಿ ಟೆಲಿ-ಮಾನಸ್ 14416. ನನಗೂ ಮೆಸೇಜ್ ಮಾಡಬಹುದು, ಹೊತ್ತು ನೋಡಬೇಡಿ.

ಅಣ್ಣ, ಮುಂದಿನ ನಾರ್ತ್-ಸ್ವಾನ್ಸ್ ಮ್ಯಾಚಿಗೆ ಟಿಕೆಟ್ ನಂದು. ಶ್ವಾಸ್ ಎರಡೂ ಕಡೆ ಆಡಿದ್ದಾನೆ ಅಲ್ವಾ, ಅದಕ್ಕೇ ನಾನು ಸ್ವಾನ್ಸ್ ಸ್ಕಾರ್ಫ್ ಹಾಕಿಕೊಂಡು ಬರುತ್ತೇನೆ. ಬೈಕೋಬೇಡಿ.